ಬಂಗಾರೆವ್ವನ ಬಾಗಿಲು

ಏಪ್ರಿಲ್ ಬಂದಾಗಿನಿಂದ ಜಲೀಲಸಾಬರು ಕೂತಲ್ಲಿ ಕೂರಲಾರರು, ನಿಂತಲ್ಲಿ ನಿಲ್ಲಲಾರರು. ಫ್ರೀಮಾಂಟಿನ ಆ ಅಪಾರ್ಟ್‌ಮೆಂಟಿನಲ್ಲಿ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ನಡೆದೂ ನಡೆದೂ ಕಾರ್ಪೆಟ್ಟಿನಲ್ಲಿ ಕಾಲುದಾರಿ ಬಿದ್ದಿತ್ತು. ಸುತ್ತಿಗೊಮ್ಮೆ ಕ್ಯಾಲೆಂಡರಿನ ಮುಂದೆ ನಿಲ್ಲುವರು.

“ಮೊಹರಮ್ ಯಾವತ್ತವಾ?”

“ಹದಿನಾರಕ್ಕ. ನಿನ್ನೆನೂ ಕೇಳಿದ್ರಲ್ಲಪ್ಪಾ,” ಎಂದಳು ಮಗಳು ನಬೀಲಾ.

“ಅದರೊಳಗ ಊರು ಮುಟ್ಟಾಕ ಆಗೂದಿಲ್ಲೇನು?”

“ಟಿಕೀಟ್ ಮೇ ಇಪ್ಪತ್ತಕ್ಕ ಐತಿ. ಚೊಂಗೆ ಯಾರರೆ ಒಯ್ದು ಕೊಡ್ತಾರ ಬಿಡ್ರಿ.”

ಮುದುಕರು ಮತ್ತೊಂದು ಸುತ್ತು ಹೊರಟರು. ನಬೀಲಾಗೆ ರೇಗಿತು. ಎರಡು ಸಾವಿರದನೆಯ ಇಸವಿಯ ಆ ದಿನಗಳಲ್ಲಿ, ಕಂಪ್ಯೂಟರ್ ಕಂಪನಿಗಳ ಭರಾಟೆಯಲ್ಲಿ, ಕ್ಯಾಲಿಫೋರ್ನಿಯಾದ ಆ ಕೊಲ್ಲಿಯ ಸುತ್ತ ನೆಮ್ಮದಿಯಾಗಿ ಇದ್ದವರಾದರೂ ಯಾರು? ಅವಳ ಗಂಡ ಶಾರೀಕ್ ತನ್ನ ಕಂಪನಿ ಇಂದು ಷೇರು ಬಿಡುತ್ತದೆ, ನಾಳೆ ಬಿಡುತ್ತದೆ ಎಂದು ಆಫೀಸಿನಲ್ಲೇ ಠಿಕಾಣಿ ಹೂಡಿದ್ದ. ಮನೆಯಲ್ಲಿ ಇನ್ನೊಬ್ಬರ ಚಡಪಡಿಕೆಗೆ ಜಾಗವಿರಲಿಲ್ಲ.

ಚೊಂಗೆಯ ಕತೆ ಹೀಗೆ. ಬಾಗಲಕೋಟೆ ಕಡೆಯ ಮುಳ್ಳಗಟ್ಟಿಯಲ್ಲಿ ಇವರದು ಹತ್ತಿ ಹಿಂಜುವ ನದಾಫರ ಮನೆ, ಮನೆಮಾತೂ ಕನ್ನಡವೇ. ಮೊಹರಮ್ಮಿನ ಬೆಳಿಗ್ಗೆ ಚೊಂಗೆ ಎಂಬ ಬೆಲ್ಲದ ಸಿಹಿ ರೊಟ್ಟಿ ಮಾಡಿದ ಮೇಲೆ ಮೊದಲ ತಟ್ಟೆ ಬೇಡರ ಬಂಗಾರೆವ್ವನ ಮನೆಗೆ ಹೋಗಬೇಕು. ಅದನ್ನು ಒಯ್ಯುವವರು ಮನೆಯ ಹಿರಿಯರೇ, ಅದೂ ಬರಿಗಾಲಲ್ಲಿ. ಹೊಸ್ತಿಲ ಹೊರಗೆ ನಿಲ್ಲಬೇಕು; ಕೂರುವಂತಿಲ್ಲ, ನೀರು ಕೇಳುವಂತಿಲ್ಲ. ಬಂಗಾರೆವ್ವ ತಟ್ಟೆ ಒಳಗಿಟ್ಟು ತನ್ನ ಕೆಲಸ ನೋಡಿಕೊಳ್ಳುತ್ತಿದ್ದಳು. ದನಕ್ಕೆ ಮೇವು ಹಾಕಿ, ಅಂಗಳ ಗುಡಿಸಿ, ಅವಳಿಗೆ ಯಾವಾಗ ಮನಸ್ಸು ಬರುವುದೋ ಆಗ “ಆತು, ಹೋಗಪಾ” ಎನ್ನುವಳು. ಅವರು ಮನೆಗೆ ಬಂದ ಮೇಲೆಯೇ ಉಳಿದವರ ಊಟ. ಚಿಕ್ಕವಳಿದ್ದಾಗ ಅಪ್ಪನ ಬೆನ್ನಿಗೆ ಬಿಸಿಲಲ್ಲಿ ನಿಂತು ಕಾಲು ಸುಟ್ಟುಕೊಂಡದ್ದು ನಬೀಲಾಗೆ ನೆನಪಿತ್ತು. ಅದೆಲ್ಲ ಭಕ್ತಿಯೆಂದೇ ಅವಳು ತಿಳಿದಿದ್ದಳು. ಬಂಗಾರೆವ್ವನ ಮನೆತನದ ಏಳು ಗಂಡಸರು ಹಿಂದೆ ಇಂಗ್ಲಿಷರ ಜೊತೆ ನಡೆದ ಊರ ಕಾಳಗದಲ್ಲಿ ಸತ್ತವರಲ್ಲವೇ, ಅವರಿಗೆ ಮರ್ಯಾದೆ ಮಾಡುವುದು ಸರಿಯೇ ಆಗಿತ್ತು.

ಆ ಕಾಳಗವೇ ಈಗ ಫ್ರೀಮಾಂಟಿಗೂ ಬಂದು ಕುಳಿತಿತ್ತು. ಮೊಮ್ಮಗಳು ಯುಸ್ರಾ ನಾಲ್ಕನೇ ಕ್ಲಾಸು. ಆ ವರ್ಷ ಅವರಿಗೆ ಕ್ಯಾಲಿಫೋರ್ನಿಯಾದ ಇತಿಹಾಸ. ಇಲ್ಲೇ ಸ್ಯಾಂಟಾ ಕ್ಲಾರಾದ ಸಾಸಿವೆ ಹೊಲದಲ್ಲಿ ೧೮೪೭ರಲ್ಲಿ ನಡೆದ ಸಣ್ಣ ಕಾಳಗದ ಪಾಠ ನಡೆದಿತ್ತು. ಆ ನೆಲ ಆಗಿನ್ನೂ ಅಮೆರಿಕದ್ದಾಗಿರಲಿಲ್ಲ; ಹೊರಗಿನಿಂದ ಬಂದ ಅಮೆರಿಕದ ಪಡೆ ಕುದುರೆ, ದನಗಳನ್ನು ಎಳೆದೊಯ್ದಿತೆಂದು ಊರ ರೈತರು ತಿರುಗಿ ಬಿದ್ದರಂತೆ. ಪಡೆಯ ಫಿರಂಗಿ ಕೆಸರಿನಲ್ಲಿ ಹೂತುಕೊಂಡಿತಂತೆ. ಚರ್ಚಿನ ಮಾಳಿಗೆ ಹತ್ತಿ ಜನ ನೋಡಿದರಂತೆ. ನಿಮ್ಮ ಊರಿನಲ್ಲೂ ಇಂಥದು ನಡೆದಿದೆಯೇ, ಮನೆಯ ಹಿರಿಯರು ಬಂದು ಹೇಳುತ್ತಾರೆಯೇ ಎಂದು ಟೀಚರು ಕೇಳಿದ್ದೇ ತಡ, ಯುಸ್ರಾ ಕೈ ಎತ್ತಿದ್ದಳು. ಶುಕ್ರವಾರ ಅಜ್ಜ ಹೇಳುವುದು, ಮೊಮ್ಮಗಳು ಇಂಗ್ಲಿಷಿಗೆ ತಿರುಗಿಸುವುದು ಎಂದಾಯಿತು. ಇಮಾಮಸಾಬನ ಕತೆ ಅವಳಿಗೆ ಬಾಯಿಪಾಠ. ಹೊಳೆಯ ಹತ್ತಿರ ನಿಂತು, ಹತ್ತಿ ಹಿಂಜುವ ಮರದ ಕೊಡತಿಯಿಂದಲೇ ಇಂಗ್ಲಿಷರ ಸಾಹೇಬನನ್ನು ಕುದುರೆಯಿಂದ ಕೆಡವಿದವನು ಅಜ್ಜನ ಅಪ್ಪನ ಮುತ್ಯಾ.

ಮಂಗಳವಾರ ಆ ಕತೆ ಮುರಿದುಬಿತ್ತು. ನಬೀಲಾ ದಿನವೂ ರೈಲು ಹಿಡಿದು ಬರ್ಕ್ಲಿಗೆ ಹೋಗುತ್ತಿದ್ದಳು. ಹಳೆಯ ಪುಸ್ತಕಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಲು ಹೊರಟ ಒಂದು ಹೊಸ ಕಂಪನಿಯಲ್ಲಿ ಸ್ಕ್ಯಾನ್ ಆದ ಪುಟ ನೋಡುವ ಕೆಲಸ. ಪುಟ ಚೆನ್ನಾಗಿದ್ದರೆ ಒಂದು ಗುಂಡಿ, ಓದಲಾಗದಷ್ಟು ಮಸುಕಾಗಿದ್ದರೆ ಇನ್ನೊಂದು. ಮಸುಕೆಂದರೆ ಆ ಪುಟ ಬಿಟ್ಟೇಹೋಗುತ್ತದೆ. ಓದುತ್ತ ಕೂರಬೇಡಿ ಎಂದು ಗೋಡೆಗೆ ಬರೆದೇ ಅಂಟಿಸಿದ್ದರು. ಆದರೆ ಇಂಗ್ಲಿಷರ ದಂಡಿನ ವರದಿಯೊಂದರಲ್ಲಿ ‘ಮುಳ್ಳಗಟ್ಟಿ’ ಎಂದು ಕಂಡಾಗ ಓದದೆ ಬಿಡಲು ಅವಳೇನು ಕಲ್ಲೇ? ಅದರಲ್ಲಿ ಬರೆದದ್ದು ಇಷ್ಟು: ಕತ್ತಿ, ಬಂದೂಕಿನಂಥ ಹತಾರ ಒಪ್ಪಿಸದ ಮೂವತ್ತೊಂದು ಜನ ಎರಡು ದಿನ ಊರ ಮಣ್ಣಿನ ಗೋಡೆ ಹಿಡಿದು ನಿಂತರು. ಮೂರನೆಯ ದಿನ ಇಮಾಮ್ ಎಂಬ ಹತ್ತಿ ಹಿಂಜುವವನು ಹೊಳೆ ದಾಟುವ ಜಾಗ ತೋರಿಸಿದ. ಊರನ್ನು ಹಿಂದಿನಿಂದ ಹಿಡಿದೆವು. ಅವನಿಗೆ ಹೊಳೆದಂಡೆಯ ಹೊಲ ಇನಾಮು.

ಆ ಹೊಲದ ಜೋಳ ತಿಂದೇ ಅವಳು ಬೆಳೆದಿದ್ದಳು. ಪುಟ ಕನ್ನಡಿಯಷ್ಟು ಸ್ವಚ್ಛವಾಗಿತ್ತು, ಅವಳು ಮಸುಕಿನ ಗುಂಡಿ ಒತ್ತಿದಳು.

ಬುಧವಾರ ಹೇಳಲಿಲ್ಲ. ಗುರುವಾರ ಸಂಜೆ ಅಪ್ಪ ಬೆಳ್ಳುಳ್ಳಿ ಸುಲಿಯುತ್ತ ಕೂತಾಗ ತಡೆಯಲಾರದೆ ಎಲ್ಲ ಹೇಳಿಬಿಟ್ಟಳು. ಅವರು ಕೂಗಾಡುತ್ತಾರೆ, ಇಂಗ್ಲಿಷರು ಬರೆದದ್ದೆಲ್ಲ ಸುಳ್ಳು ಎನ್ನುತ್ತಾರೆ ಎಂದುಕೊಂಡಿದ್ದಳು. ಅವರು ಬೆಳ್ಳುಳ್ಳಿಯ ಸಿಪ್ಪೆ ಊದಿದರು.

“ಗೊತ್ತೈತಿ.”

“ಗೊತ್ತಿತ್ತಾ?”

“ಗೊತ್ತಿಲ್ಲದ ಯಾರರೆ ಒಂದು ತಾಸು ಬಾಗಿಲದಾಗ ನಿಂದರತಾರೇನವಾ? ನಮ್ಮಪ್ಪ ಹೇಳಿದ್ದ. ಅವಗ ಅವರಪ್ಪ.”

“ಮತ್ತ ಆ ಕೊಡತಿ? ಸಾಹೇಬ ಕುದುರಿ ಮ್ಯಾಲಿಂದ ಬಿದ್ದದ್ದು?”

“ನೀ ಸಣ್ಣಾಕಿ ಇದ್ದಿ, ಸಾಲ್ಯಾಗ ಯಾರೋ ಹಂಗಿಸಿದ್ರಂತ ಅಳಕೋತ ಬಂದಿದ್ದಿ. ಸುಮ್ನಿರಸಾಕ ಕಟ್ಟಿ ಹೇಳಿದೆ. ಹೇಳ್ಕೋತ ಹೇಳ್ಕೋತ ನನಗೂ ರುಚಿ ಹತ್ತಿತು.”

“ನಾಳೆ ಯುಸ್ರಾನ ಕ್ಲಾಸಿನ್ಯಾಗ ಏನ್ ಹೇಳಾವ್ರು?”

ಅವರು ಬೆಳ್ಳುಳ್ಳಿಯ ತಟ್ಟೆ ಪಕ್ಕಕ್ಕಿಟ್ಟರು. ಎದ್ದು ಕ್ಯಾಲೆಂಡರಿನ ಕಡೆ ನಡೆದರು. ಅಪ್ಪನ ಮೇಲೆ ಬಂದ ಸಿಟ್ಟೆಷ್ಟು, ಕನಿಕರವೆಷ್ಟು ಎಂದು ನಬೀಲಾಗೇ ತಿಳಿಯಲಿಲ್ಲ.

ಶುಕ್ರವಾರ ರಜೆ ಹಾಕಿ ಅವಳೂ ಶಾಲೆಗೆ ಹೋದಳು. ಹಿಂದಿನ ಗೋಡೆಗೆ ಮಕ್ಕಳು ಬರೆದ ಹಳದಿ ಸಾಸಿವೆ ಹೊಲಗಳು, ಕೆಸರಿನ ಫಿರಂಗಿಗಳು. ಅವುಗಳ ಕೆಳಗೆ ಸಣ್ಣ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತಳು. ಮುಂದೆ ಬಿಳಿ ಜುಬ್ಬಾ, ಇಸ್ತ್ರಿ ಹಾಕಿದ ಟೋಪಿಯ ಅಪ್ಪ. ಪಕ್ಕದಲ್ಲಿ ಎರಡು ಜಡೆಯ ಯುಸ್ರಾ. ಅಪ್ಪ ಒಂದು ಮಾತು ಹೇಳುವರು, ಯುಸ್ರಾ ಇಂಗ್ಲಿಷಿನಲ್ಲಿ ಹೇಳುವಳು. ಹತಾರ ಒಪ್ಪಿಸಿರೆಂದು ಹುಕುಂ ಬಂದದ್ದು, ಊರು ಒಪ್ಪದೆ ಹೋದದ್ದು, ಹೆಂಗಸರು ಗೋಡೆಯ ಮೇಲಿಂದ ಕುದಿಯುವ ಅಂಬಲಿ ಸುರಿದದ್ದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಎರಡು ದಿನದ ಕಾಳಗ ಮುಗಿದು ಕತೆ ಹೊಳೆಗೆ ಬಂತು. ಅಪ್ಪ ಬಗ್ಗಿ ತಮ್ಮ ಮೆಟ್ಟು ತೆಗೆದು ಪಕ್ಕಕ್ಕಿಟ್ಟರು.

“ನಮ್ಮಪ್ಪನ ಮುತ್ಯಾ ಇಮಾಮಸಾಬ ಹೊಳಿ ದಾಟೋ ದಾರಿ ತೋರಿಸಿದ,” ಎಂದರು ಜಲೀಲಸಾಬರು. “ವೈರಿಗಳಿಗೆ. ಅದಕ್ಕ ಊರು ಬಿತ್ತು. ಹೇಳವಾ.”

ಯುಸ್ರಾ ಅಜ್ಜನ ಮುಖ ನೋಡಿದಳು. ಕನ್ನಡ ಮಾತಾಡಲು ತಡವರಿಸುವ ಹುಡುಗಿ, ತಿಳಿಯಲು ತಡವರಿಸುವವಳಲ್ಲ. ಅವಳ ಕಿವಿ ಕೆಂಪಾಯಿತು. ಒಂದು ಸಲ ಗೆಳತಿಯರ ಕಡೆ ನೋಡಿ, ಅವಸರವಾಗಿ ಹೇಳಿಬಿಟ್ಟಳು: “ಹೀ ಸ್ಟುಡ್ ಅಟ್ ದ ರಿವರ್ ಅಂಡ್ ಫಾಟ್ ದೆಮ್. ಹೀ ವಾಸ್ ಸೋ ಬ್ರೇವ್.”

ಹೊಳೆಯ ಹತ್ತಿರ ನಿಂತು ಕಾದಾಡಿದ ಆ ಧೀರನಿಗೆ ಕ್ಲಾಸು ಚಪ್ಪಾಳೆ ಹೊಡೆಯಿತು. ಟೀಚರೂ ಹೊಡೆದರು. ಮುದುಕರು ಗಾಬರಿಯಿಂದ ಆ ಕಡೆ ಈ ಕಡೆ ನೋಡಿ, ಕೊನೆಗೆ ಹಿಂದಿನ ಗೋಡೆಯ ಕಡೆ ದನಿ ಎತ್ತಿದರು.

“ನಬೀಲಾ, ಇವು ಚಪ್ಪಾಳಿ ಯಾಕ ಹೊಡೀತಾವ?”

ಎರಡೂ ಭಾಷೆ ಬಲ್ಲ ದೊಡ್ಡವರು ಅಲ್ಲಿ ಅವಳೊಬ್ಬಳೇ. ಮಗಳು ದೊಡ್ಡ ಕಣ್ಣು ಮಾಡಿ ಬೇಡಿಕೊಳ್ಳುತ್ತಿದ್ದಳು. ಸುಮ್ಮನೆ ಕೂತರೆ ಯಾರಿಗೂ ತಿಳಿಯುವುದಿಲ್ಲ. ಮಂಗಳವಾರ ಗುಂಡಿ ಒತ್ತಿದಾಗಲೂ ಯಾರಿಗೂ ತಿಳಿದಿರಲಿಲ್ಲ. ಮಗಳನ್ನು ಗದರಲು ತನಗೆ ಯಾವ ಮುಖ ಎಂದು ಅವಳಿಗೆ ನಾಚಿಕೆಯಾಯಿತು. ಆ ಪುಟ್ಟ ಕುರ್ಚಿಯಿಂದ ಕಷ್ಟಪಟ್ಟು ಎದ್ದು, ಮುಂದೆ ಹೋಗಿ ಮಗಳ ಭುಜದ ಮೇಲೆ ಕೈ ಇಟ್ಟಳು.

“ನಾನೂ ಮುಚ್ಚಿಟ್ಟಿದ್ದೆ ಪುಟ್ಟಾ,” ಎಂದಳು ಮೆಲ್ಲಗೆ. “ಅಜ್ಜ ಹೇಳಿದ್ದನ್ನ ಇಬ್ರೂ ಸೇರಿ ಹೇಳೋಣ.”

ಹೇಳಿದರು. ಯುಸ್ರಾ ಅರ್ಧಕ್ಕೆ ಅತ್ತಳು, ಉಳಿದರ್ಧ ನಬೀಲಾ ಹೇಳಿದಳು. ಬಂಗಾರೆವ್ವನ ಮನೆಯ ಏಳು ಜನರನ್ನೂ ಹೇಳಿದಳು, ಹೊಲವನ್ನೂ ಹೇಳಿದಳು. ಈ ಸಲ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಗಂಟೆ ಬಾರಿಸಿದರು, ಮಕ್ಕಳು ಒಬ್ಬೊಬ್ಬರಾಗಿ ಆಟಕ್ಕೆ ಹೋದರು. ಜಲೀಲಸಾಬರು ಮಾತ್ರ ಕೈ ಕಟ್ಟಿ, ಬರಿಗಾಲಲ್ಲಿ ನಿಂತೇ ಇದ್ದರು. ಟೀಚರು ಹತ್ತಿರ ಬಂದು ತುಂಬ ಉಪಕಾರವಾಯಿತು, ಇನ್ನು ಅಜ್ಜ ಹೋಗಬಹುದು ಎಂದರು.

ಯುಸ್ರಾ ಮೂಗೊರೆಸಿಕೊಂಡು ತನಗೆ ಬಂದ ಕನ್ನಡದಲ್ಲಿ ಹೇಳಿದಳು: “ಅಜ್ಜಾ, ಆತಂತೆ. ಹೋಗು ಅಂತೆ.”

ಮುದುಕರು ತಲೆಯಾಡಿಸಿದರು.

“ಇವರಲ್ಲವಾ. ಆಕಿ ಅನಬೇಕು.”

ನಬೀಲಾ ಅಲ್ಲಿಯೇ ಬಗ್ಗಿ ಅಪ್ಪನ ಮೆಟ್ಟು ಎತ್ತಿಕೊಂಡಳು. ಶಾಲೆಯ ಆಫೀಸಿನ ಫೋನಿನಿಂದ ಮೊದಲು ಬರ್ಕ್ಲಿಗೆ ಮಾಡಿ, ಮಂಗಳವಾರ ತಾನು ಮಸುಕೆಂದ ಪುಟ ಮಸುಕಾಗಿರಲಿಲ್ಲ, ಅದನ್ನು ಏರಿಸಿ ಎಂದಳು. ಆಮೇಲೆ ಟ್ರಾವೆಲ್ಸಿನವನಿಗೆ ಮಾಡಿ ಅಪ್ಪನ ಟಿಕೀಟು ಬದಲಿಸಲು ಹೇಳಿದಳು. ಬರುವ ಮಂಗಳವಾರ ಹೊರಟರೆ ಹದಿನಾರಕ್ಕೆ ಮೊದಲೇ ಊರು ಮುಟ್ಟಬಹುದಂತೆ.

“ಎಷ್ಟು ಸೀಟು ಮೇಡಂ?” ಎಂದು ಅವನು ಕೇಳಿದ.

ಕಿಟಕಿಯಾಚೆ ಆಟದ ಮೈದಾನದ ಅಂಚಿನಲ್ಲಿ ಅಪ್ಪ ಬರಿಗಾಲಲ್ಲೇ ಆ ಕಡೆ ಈ ಕಡೆ ನಡೆಯುತ್ತಿದ್ದರು. ಅವರ ಹಿಂದೆ ಯುಸ್ರಾ, ತನ್ನ ಶೂ ಕೈಯಲ್ಲಿ ಹಿಡಿದು.

“ಮೂರು,” ಎಂದಳು ನಬೀಲಾ.