ಅಪ್ಪ ಮಾಡಿಕೊಂಡ ಕುರ್ಚಿ

ಬಡಗಿ ಬೀದಿಯ ಮೇಸ್ತ್ರಿಗೆ ಒಂದು ಕೆಮ್ಮಿತ್ತು. ನಿನ್ನೆ ಮೊನ್ನೆಯದಲ್ಲ, ಹತ್ತು ವರ್ಷದ್ದು. ಸಂಜೆ ಅಂಗಡಿ ಮುಚ್ಚಿ ಮನೆ ಮೆಟ್ಟಿಲು ಹತ್ತುವಾಗ ಎರಡು ಸಲ ಕೆಮ್ಮುತ್ತಿದ್ದ. ಒಳಗಿಂದ ಹೆಂಡತಿ ಬಂದು ಚಿಲಕ ತೆಗೆಯುತ್ತಿದ್ದಳು. ಆ ಮನೆಗೆ ಕರೆಗಂಟೆ ಬೇಕಾಗಿರಲಿಲ್ಲ.

ಮೇಸ್ತ್ರಿಯ ಅಪ್ಪನದೂ ಅದೇ ಕೆಮ್ಮು. ಚಿಕ್ಕವನಿದ್ದಾಗ ಅದು ಕೇಳಿಸಿದರೆ ಸಾಕು, ಇವನು ಆಟ ಬಿಟ್ಟು ಬಾಗಿಲಿಗೆ ಓಡುತ್ತಿದ್ದ. ಅಪ್ಪನ ಅಂಗಿಯಲ್ಲಿ ಹಸಿ ಮರದ ವಾಸನೆ. ಅಂಗಡಿಯಲ್ಲಿ ಅಪ್ಪ ಹಲಗೆ ಉಜ್ಜಿ, ಬಾಯಿಂದ 'ಉಫ್' ಎಂದು ಊದಿ, ಹೆಬ್ಬೆರಳು ಆಡಿಸಿ ನೋಡುತ್ತಿದ್ದ. ಹಾರಿದ ಪುಡಿ ಕಿಟಕಿಯ ಬಿಸಿಲಲ್ಲಿ ಬಂಗಾರದ ಹಾಗೆ ಹೊಳೆಯುತ್ತಿತ್ತು. ಅಂಥ ದಿನಗಳು ಮತ್ತೆ ಬರುವುದಿಲ್ಲ ಎಂದು ಮೇಸ್ತ್ರಿ ಆಗಾಗ ನಿಟ್ಟುಸಿರು ಬಿಡುತ್ತಿದ್ದ, ಅದರ ಹಿಂದೆಯೇ ಕೆಮ್ಮುತ್ತಿದ್ದ.

ಆ ಬೀದಿಯಲ್ಲಿ ಕೆಮ್ಮಿಗೆ ಮರ್ಯಾದೆ ಬೇರೆ. "ಕೆಮ್ಮು ಬಂದ ಮೇಲೇ ಮೇಸ್ತ್ರಿ" ಅನ್ನುವುದು ಹಿರಿಯರ ಮಾತು. ಕೆಲಸ ಕಲಿತರೂ ಕೆಮ್ಮದವನನ್ನು ಕಂಡರೆ, ಕೈ ಪಳಗಿದೆ, ಎದೆ ಇನ್ನೂ ಪಳಗಿಲ್ಲ ಎಂದು ನಗುತ್ತಿದ್ದರು.

ಒಂದು ದಿನ ಮೇಸ್ತ್ರಿಯ ಅಂಗಡಿಯಲ್ಲೇ ಬಡಗಿಗಳ ಸಂಘದ ಸಭೆ ಸೇರಿತು. ಆರೋಗ್ಯ ಕೇಂದ್ರದ ನರ್ಸಮ್ಮ ಬಂದಿದ್ದಳು. ಅವಳು ಹೊರಗಿನವಳಲ್ಲ, ಕೊಡೆ ರಿಪೇರಿಯವನ ಮಗಳು. ಲಂಗ ಹಾಕುವ ವಯಸ್ಸಿನಲ್ಲಿ ಇದೇ ಅಂಗಡಿಯ ಮರದ ಸಿಪ್ಪೆ ಆಯ್ದು ಬಳೆ ಮಾಡಿಕೊಂಡು ಆಡಿದವಳು. ಮರದ ಸಣ್ಣ ಪುಡಿ ಉಸಿರಿನ ಜೊತೆ ಒಳಗೆ ಹೋಗಿ ಎದೆಯನ್ನು ಹಾಳುಮಾಡುತ್ತದೆ, ಅದನ್ನು ಬಾಯಿಂದ ಊದಬಾರದು, ಒಣ ಪೊರಕೆಯಿಂದ ಗುಡಿಸಬಾರದು, ಮೂಗು ಬಾಯಿಗೆ ಬಿಗಿಯಾಗಿ ಕೂರುವ ಧೂಳಿನ ಮಾಸ್ಕ್ ಹಾಕಬೇಕು ಎಂದಳು.

ಮೇಸ್ತ್ರಿ ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ನಾನು ಬೀಡಿ ಮುಟ್ಟಿದವನಲ್ಲ ಕಣಮ್ಮ. ಮರ ದೇವರು ಕೊಟ್ಟಿದ್ದು, ಅದು ಏನು ಕೆಟ್ಟದ್ದು ಮಾಡುತ್ತೆ? ಮುಖ ಮುಚ್ಚಿಕೊಳ್ಳೋಕೆ ನಾನೇನು ಕಳ್ಳನಾ?" ಎಂದ. ಆಮೇಲೆ ಮೂಲೆಯ ಕುರ್ಚಿಯತ್ತ ಕೈ ತೋರಿಸಿದ. "ನೋಡು, ಅಪ್ಪ ಕೊನೇ ವರ್ಷ ಮಾಡಿದ್ದು. ಆ ಬೆನ್ನಿನ ಎತ್ತರ ನೋಡು. ಕೆಮ್ಮಿಕೊಂಡೇ ಮಾಡಿದ್ದಲ್ವಾ?"

ಎಲ್ಲರೂ ತಲೆಯಾಡಿಸಿದರು. ಆ ಕುರ್ಚಿ ಬೀದಿಗೇ ಹೆಮ್ಮೆ. ಎಷ್ಟೋ ಜನ ಕೇಳಿದರೂ ಮೇಸ್ತ್ರಿ ಅದನ್ನು ಮಾರಿರಲಿಲ್ಲ.

ಚಹಾ ತಂದಿದ್ದ ಹೆಂಡತಿ ತಟ್ಟೆಯನ್ನು ಕೆಳಗಿಟ್ಟಳು. ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ.

"ರೀ, ಅದರ ಬೆನ್ನು ಯಾಕೆ ಅಷ್ಟು ಎತ್ತರ ಗೊತ್ತಾ? ಮಲಗಿದರೆ ಮಾವನಿಗೆ ಉಸಿರು ಸಿಗ್ತಿರಲಿಲ್ಲ. ಕೂತೇ ನಿದ್ದೆ ಮಾಡೋಕೆ ತಲೆ ಆನಿಸಬೇಕಿತ್ತು, ಅದಕ್ಕೆ ಮಾಡಿಕೊಂಡರು. ನೀವು ಆ ವರ್ಷ ಪರವೂರಿನ ಕೆಲಸದಲ್ಲಿದ್ದಿರಿ. ಹೇಳಬೇಡ, ಮಗ ಕಸುಬು ಬಿಟ್ಟುಬಿಡ್ತಾನೆ ಅಂದಿದ್ದರು."

ಮೇಸ್ತ್ರಿ ಏನೋ ಹೇಳಲು ಹೋದ. ಅವಳು ಬಿಡಲಿಲ್ಲ.

"ಹೋದ ತಿಂಗಳು ನೀವು ತಲೆ ಎತ್ತರ ಆಗಬೇಕು ಅಂತ ಇನ್ನೊಂದು ದಿಂಬು ಕೇಳಿದಿರಿ, ಕೊಟ್ಟೆ. ಈಗ ಮೂರಾಯ್ತು. ನಾಲ್ಕನೇದು ಕೊಡೋ ಧೈರ್ಯ ನನಗಿಲ್ಲ."

ಯಾರೂ ಚಹಾ ಮುಟ್ಟಲಿಲ್ಲ. ಮೇಸ್ತ್ರಿ ಎದ್ದು ಕುರ್ಚಿಯ ಹತ್ತಿರ ಹೋದ. ಅದರ ಕೈ ಮೇಲೆ ಧೂಳು ಕೂತಿತ್ತು. ಅಭ್ಯಾಸ ಬಲದಿಂದ ಊದಲು ಬಗ್ಗಿದವನು ಹಾಗೇ ನಿಂತ. ಅವನ ಕಣ್ಣು ತುಂಬಿತ್ತು. ನರ್ಸಮ್ಮ ಒಂದು ಬಟ್ಟೆ ಒದ್ದೆ ಮಾಡಿ ಕೈಗೆ ಕೊಟ್ಟಳು. ಅವನು ಅದರಿಂದಲೇ ಒರೆಸಿದ.

ಮರುದಿನ ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಕಳೆದದ್ದು ಪೂರ್ತಿ ವಾಪಸು ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು ಎಂದು ಡಾಕ್ಟರು ಔಷಧಿ ಬರೆದರು. ಸಂಘದವರು ಕೂಡಿ ಧೂಳು ಎಳೆಯುವ ಮೆಷಿನ್ ತಂದರು. ಅದು ಸರದಿಯ ಮೇಲೆ ಅಂಗಡಿಯಿಂದ ಅಂಗಡಿಗೆ ಹೋಗುತ್ತದೆ. ಈಗ ನೆಲಕ್ಕೆ ನೀರು ಚಿಮುಕಿಸದೆ ಯಾರೂ ಪೊರಕೆ ಹಿಡಿಯುವುದಿಲ್ಲ. ಮಾಸ್ಕ್ ಹಾಕಿದ ಮೊದಲ ದಿನ ಒಬ್ಬರಿಗೊಬ್ಬರು ಮಂಗನ ಮೂತಿ ಎಂದು ಗೇಲಿ ಮಾಡಿಕೊಂಡರು. ಅದನ್ನು ನೋಡಲು ಬಂದ ಹಿಟ್ಟಿನ ಗಿರಣಿಯವನು ತನಗೂ ಒಂದು ಕೇಳಿಕೊಂಡು ಹೋದ.

ಮೇಸ್ತ್ರಿ ಈಗ ಅಂಗಡಿಯಲ್ಲೇ ಅಂಗಿ ಬದಲಿಸಿ ಮನೆಗೆ ಬರುತ್ತಾನೆ. ಮೂರು ದಿಂಬು ಎರಡಾಗಿದೆ. ಮೊನ್ನೆ ಸಂಜೆ ಮೆಟ್ಟಿಲು ಹತ್ತಿ ಬಾಗಿಲ ಮುಂದೆ ಎಷ್ಟು ಹೊತ್ತು ನಿಂತರೂ ಹೆಂಡತಿ ಬಂದು ಚಿಲಕ ತೆಗೆಯಲಿಲ್ಲ. ಕೊನೆಗೆ ಬಾಗಿಲು ತಟ್ಟಿದ.

"ಯಾರು?" ಎಂದಳು ಒಳಗಿಂದ.

"ನಾನೇ ಕಣೇ."

ಬಾಗಿಲು ತೆಗೆದವಳು ಅವನ ಮುಖ ನೋಡುತ್ತಾ ನಿಂತಳು. "ಕೆಮ್ಮಲಿಲ್ಲವಲ್ಲ, ಗೊತ್ತಾಗಲಿಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರವೋ, ಹಿಟ್ಟೋ, ಹತ್ತಿಯೋ, ಕಲ್ಲೋ, ನಿಮ್ಮ ಕಸುಬಿನಲ್ಲೂ ಧೂಳಿದ್ದೇ ಇರುತ್ತದೆ. ಅದನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮೂಗು ಬಾಯಿಗೆ ಧೂಳಿನ ಮಾಸ್ಕ್ ಹಾಕಿಕೊಳ್ಳಿ. ಎರಡು ವಾರ ದಾಟಿದ ಕೆಮ್ಮನ್ನು ಡಾಕ್ಟರಿಗೆ ತೋರಿಸಿ. ಒಬ್ಬರಿಂದ ಆಗದಿದ್ದರೆ ನಿಮ್ಮ ಸಂಘದಲ್ಲಿ ಮಾತೆತ್ತಿ. ಹಿರಿಯರ ಕಸುಬನ್ನು ಉಳಿಸಿಕೊಳ್ಳಿ, ಅವರ ಕೆಮ್ಮನ್ನಲ್ಲ.