ನೂರ ಐವತ್ತೆಂಟು ಮೆಟ್ಟಿಲು

ಒಂದು ಮಂಚವೋ, ಎರಡು ಮಂಚವೋ? ಇವತ್ತು ಸಂಜೆ ಆರರ ಒಳಗೆ ತಿಳಿಸಬೇಕಂತೆ.

ಶ್ರೀಕಾಂತ ಆ ಇ-ಮೇಲನ್ನು ನಾಲ್ಕನೆಯ ಸಲ ಓದಿದ. ಇಟಲಿಯ ಗುಡ್ಡದ ಮೇಲಿನ ಒಂದು ಹಳೆಯ ಊರು, ಅದರಲ್ಲಿ ಹನ್ನೊಂದೇ ಕೋಣೆಗಳ ಹೋಟೆಲು. ಅದನ್ನು ನಡೆಸುವ ಲುಚಿಯಾ ಎಂಬ ಹೆಂಗಸು ತಪ್ಪು ತಪ್ಪು ಇಂಗ್ಲಿಷಿನಲ್ಲಿ, ಆದರೆ ಬಹಳ ಮರ್ಯಾದೆಯಿಂದ ಬರೆದಿದ್ದಳು. ಜುಲೈ ಏಳರಿಂದ ಐದು ರಾತ್ರಿ, ಏಳನೆಯ ನಂಬರಿನ ಕೋಣೆ, ಕಣಿವೆಯ ಕಡೆಗೆ ಕಿಟಕಿ, ಎಲ್ಲ ಸರಿ. ಮಂಚಗಳನ್ನು ಜೋಡಿಸಿ ಒಂದು ಮಾಡಿಡಲೇ, ಬೇರೆ ಬೇರೆ ಇಡಲೇ? ರದ್ದು ಮಾಡುವುದಿದ್ದರೂ ಇವತ್ತೇ ಕೊನೆ. ಇಟಲಿಯ ಐದು ಗಂಟೆ, ಅಂದರೆ ಕುವೈತಿನ ಆರು.

ಹೋಟೆಲಿನವರು ಯಾರಿಗಾದರೂ ಕೇಳುವ ಪ್ರಶ್ನೆಯೇ. ಶ್ರೀಕಾಂತನಿಗೆ ಮಾತ್ರ ಯಾರೋ ಅಪರಿಚಿತರು ತನ್ನ ಮಲಗುವ ಕೋಣೆಯ ಬಾಗಿಲು ತಳ್ಳಿ ಇಣುಕಿದಂತಾಯಿತು.

ಎರಡು ವರ್ಷದ ಹಿಂದೆ ಮಗಳು ಅಪೇಕ್ಷಾ ಓದಲೆಂದು ಜರ್ಮನಿಗೆ ಹೋದಳು. ಅವಳನ್ನು ವಿಮಾನ ಹತ್ತಿಸಿ ಬಂದ ದಿನ ಹೆಂಡತಿ ಶೀತಲ್‌ಗೆ ಕೆಮ್ಮು. ಗಂಡನ ನಿದ್ದೆ ಕೆಡುತ್ತದೆ ಎಂದು ಮಗಳ ಕೋಣೆಯಲ್ಲಿ ಮಲಗಿದಳು. ಕೆಮ್ಮು ನಾಲ್ಕು ದಿನಕ್ಕೆ ಹೋಯಿತು, ಶೀತಲ್ ವಾಪಸು ಬರಲಿಲ್ಲ. ಬಾ ಎಂದು ಇವನು ಕರೆಯಲಿಲ್ಲ. ಯಾಕೆ ಕರೆಯಲಿಲ್ಲ ಎಂದು ಅವಳು ಕೇಳಲಿಲ್ಲ. ಜಗಳ ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಆಗಿರಲಿಲ್ಲವಲ್ಲ.

ಇಟಲಿಯ ಯೋಚನೆ ಹುಟ್ಟಿದ್ದೇ ಅದರಿಂದ. ಹೋಟೆಲಿನ ಕೋಣೆಯಲ್ಲಿ ಇರುವುದು ಒಂದೇ ಮಂಚ. ಅಲ್ಲಿ ಯಾರೂ ಯಾರನ್ನೂ ಕರೆಯಬೇಕಾಗಿಲ್ಲ, ಯಾರೂ ಸೋತಂತೆಯೂ ಆಗುವುದಿಲ್ಲ. ಐವತ್ತರ ಗಂಡಸು ಹೆಂಡತಿಯ ಪಕ್ಕ ಮಲಗಲು ಇಷ್ಟು ದೂರದ ಉಪಾಯ ಹೂಡಬೇಕೇ ಎಂದು ಅವನಿಗೇ ನಾಚಿಕೆಯಾಗಿತ್ತು. ಆದರೂ ಹೂಡಿದ್ದ. ಈಗ ಆ ಲುಚಿಯಾ ಎಲ್ಲವನ್ನೂ ಮೊದಲಿನ ಜಾಗಕ್ಕೇ ತಂದು ನಿಲ್ಲಿಸಿದ್ದಳು.

“ಎಂತ ಸರ್, ಬೆಳಿಗ್ಗೆಯಿಂದ ಫೋನನ್ನೇ ನೋಡ್ತಾ ಇದ್ದೀರಿ?” ಎದುರಿನ ಮೇಜಿನ ಸುಕೇಶ್ ಕೇಳಿದ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಈ ಲಿಫ್ಟ್ ಕಂಪನಿಯಲ್ಲಿ ಶ್ರೀಕಾಂತ ಎಂಜಿನಿಯರು, ಮಂಗಳೂರಿನ ಸುಕೇಶ್ ಲೆಕ್ಕ ಹಾಕಿ ಕೊಟೇಶನ್ ಬರೆಯುವವನು. ಹೊರಗೆ ಗ್ಯಾರೇಜುಗಳ ಸುತ್ತಿಗೆ ಸದ್ದು ಗಾಜು ದಾಟಿ ಬರುತ್ತಿತ್ತು.

“ವೀಸಾ ಬಂದದ. ಹೋಟೆಲ್‌ದವರದು ಮೇಲ್.”

“ಬಂತಲ್ಲ ವೀಸಾ? ಮತ್ತೆಂತ, ಕ್ಯಾನ್ಸಲ್ ಮಾಡಿ ಬಿಸಾಡಿ. ನಾನು ಪ್ಯಾರಿಸ್ಸಿನಲ್ಲಿ ಮೂರು ಸಲ ಹೋಟೆಲ್ ಬುಕ್ ಮಾಡಿದ್ದೇನೆ ಮಾರಾಯ್ರೆ. ಪ್ಯಾರಿಸ್ ಹೇಗುಂಟು ಅಂತ ಇಷ್ಟರವರೆಗೆ ನೋಡಿಲ್ಲ.”

ಇಲ್ಲಿನ ಪದ್ಧತಿಯೇ ಅದು. ಯುರೋಪಿನ ವೀಸಾಕ್ಕೆ ಹೋಟೆಲ್ ಬುಕಿಂಗಿನ ಕಾಗದ ಬೇಕು. ಒಂದು ದೇಶ ಕೊಟ್ಟ ವೀಸಾ ಅಲ್ಲಿನ ಉಳಿದ ದೇಶಗಳಿಗೂ ನಡೆಯುತ್ತದೆ. ಯಾವ ದೇಶದ ವೀಸಾ ಬೇಗ ಸಿಗುತ್ತದೋ ಆ ದೇಶದ ಯಾವುದೋ ಊರಿನಲ್ಲಿ ಕೋಣೆ ಹಿಡಿಯುವುದು, ಮುದ್ರೆ ಬಿದ್ದ ಮರುದಿನ ರದ್ದು ಮಾಡುವುದು, ಆಮೇಲೆ ಅಣ್ಣನ ಮನೆಗೋ ಮಗನ ಮನೆಗೋ ಹೋಗಿ ಇಳಿಯುವುದು. ಕುವೈತಿನಿಂದ ಹಿಡಿದ ಕೋಣೆಗಳಲ್ಲಿ ಎಷ್ಟು ಮಂದಿ ನಿಜವಾಗಿ ಮಲಗಿದ್ದಾರೋ ದೇವರೇ ಬಲ್ಲ.

ಶ್ರೀಕಾಂತ ಮಾತ್ರ ಈ ಕೋಣೆಯನ್ನು ಆರಿಸಲು ಎರಡು ತಿಂಗಳು ತೆಗೆದುಕೊಂಡಿದ್ದ. ಆ ಊರಿನ ಬೀದಿಗಳನ್ನು ಕಂಪ್ಯೂಟರಿನಲ್ಲಿ ಸುತ್ತಿ ಸುತ್ತಿ ಔಷಧದ ಅಂಗಡಿಗೆ ಯಾವ ವಾರ ರಜೆ ಎನ್ನುವುದೂ ಅವನಿಗೆ ಗೊತ್ತಾಗಿತ್ತು. ಫರ್ವಾನಿಯಾದ ತನ್ನ ಕಟ್ಟಡದಲ್ಲಿ ಹನ್ನೊಂದು ವರ್ಷದಿಂದ ಎದುರು ಫ್ಲ್ಯಾಟಿನಲ್ಲಿರುವ ಕೇರಳದವನ ಹೆಸರು ಗೊತ್ತಿರಲಿಲ್ಲ.

ಹನ್ನೊಂದಕ್ಕೆ ಶೀತಲ್‌ಗೆ ಫೋನ್ ಮಾಡಿದ. ಅವಳು ಕಲಿಸುವ ಶಾಲೆಯಲ್ಲಿ ಅದು ಬಿಡುವಿನ ವೇಳೆ.

“ಏನ್ರಿ?”

“ಏನಿಲ್ಲ. ಹೋಟೆಲ್‌ದವರು ಒಂದು ಮಾತು ಕೇಳ್ಯಾರ.”

“ಯಾವ ಹೋಟೆಲ್?”

“ಇಟಲಿದು.”

ಆ ಕಡೆ ಹುಡುಗರ ಗದ್ದಲ. “ಹೂಂ. ಏನಂತ?”

“ಕಿಟಕಿ ಯಾವ ಕಡೆ ಬೇಕು ಅಂತ.”

“ಯಾವ ಕಡೆ ಇದ್ರೇನ್ರಿ. ಬೆಲ್ ಆತು, ಇಡ್ತೀನಿ.”

ತನ್ನ ಮೇಲೆಯೇ ಸಿಟ್ಟು ಬಂತು. ಇಪ್ಪತ್ತಮೂರು ವರ್ಷ ಜೊತೆಗಿದ್ದ ಹೆಂಡತಿಗೆ ಕೇಳಲಾಗದ ಒಂದು ಮಾತನ್ನು ತಾನು ಎಂದೂ ಕಂಡಿರದ ಹೆಂಗಸೊಬ್ಬಳು ಕೇಳಿಬಿಟ್ಟಿದ್ದಳು. ಅವಳಿಗೆ ಉತ್ತರ ಕೊಡುವುದು ಕೂಡ ತನ್ನಿಂದ ಆಗುತ್ತಿಲ್ಲ. ಕೇಳಿದ್ದರೆ ಶೀತಲ್ ಏನೆನ್ನುತ್ತಿದ್ದಳು? ‘ಎರಡೇ ಇರಲಿ’ ಅಂದಿದ್ದರೆ? ಅಷ್ಟಕ್ಕೇ ಅವನಿಗೆ ಭಯ.

ನಾಲ್ಕಕ್ಕೆ ಕೆಲಸ ಮುಗಿಸಿ ಫರ್ವಾನಿಯಾದ ಟ್ರಾವೆಲ್ಸಿಗೆ ಹೋದ. ಅಂಗಡಿಸಾಲಿನ ಮೇಲಿನ ಮಹಡಿಯ ಪುಟ್ಟ ಆಫೀಸು. ಅಝರುದ್ದೀನ್ ಅಲ್ಲಿನ ಮ್ಯಾನೇಜರು, ಉಳ್ಳಾಲದವನು.

“ಬನ್ನಿ ಸರ್, ಮುಬಾರಕ್! ಇಬ್ಬರದ್ದೂ ಆಗಿದೆ. ಮಲ್ಟಿಪಲ್ ಎಂಟ್ರಿ ಕೊಟ್ಟಿದ್ದಾರೆ, ನಿಮ್ಮ ಲಕ್.” ಅವನು ಒಂದು ಪಾಸ್‌ಪೋರ್ಟ್ ಮೇಜಿನ ಮೇಲಿಟ್ಟ. ಒಂದೇ. “ಮೇಡಂದು ಮೇಡಂ ಮಧ್ಯಾಹ್ನವೇ ತಕೊಂಡು ಹೋದ್ರು. ಟಿಕೆಟ್ ಸಹ ಪ್ರಿಂಟ್ ಕೊಟ್ಟಿದ್ದೇನೆ.”

“ಟಿಕೆಟ್?”

“ಫ್ರಾಂಕ್‌ಫರ್ಟಿಂದು. ಏಳನೇ ತಾರೀಕು, ಬೆಳಿಗ್ಗೆ. ವನ್ ವೇ. ರಿಟರ್ನ್ ಆಮೇಲೆ ನೋಡುವಾ ಅಂದ್ರು.” ಅಝರುದ್ದೀನ್ ತಲೆ ಎತ್ತಿ ನೋಡಿದ. “ನಿಮಗೆ ಗೊತ್ತುಂಟಲ್ಲ ಸರ್?”

“ಗೊತ್ತು, ಗೊತ್ತು.”

“ಮಗಳ ಹತ್ರ ಅಲ್ವಾ. ಒಳ್ಳೇದಾಯ್ತು. ನಿಮ್ಮದು ಎಂತ ಮಾಡುವುದು?”

“ಹೇಳ್ತೀನಿ.”

“ಅರ್ಜೆಂಟ್ ಇಲ್ಲ. ಹೋಟೆಲ್ ಮಾತ್ರ ನೀವೇ ಹಾಕಿದ್ದಲ್ವಾ, ಕ್ಯಾನ್ಸಲ್ ಮಾಡ್ಲಿಕ್ಕೆ ಮರೀಬೇಡಿ. ಸುಮಾರು ಜನ ಮರೆತು ಆಮೇಲೆ ಬೊಬ್ಬೆ ಹೊಡೀತಾರೆ.”

ಶ್ರೀಕಾಂತ ಮೆಟ್ಟಿಲಿಳಿದು ಬಿಸಿಲಿಗೆ ಬಂದ. ಐದಾದರೂ ಜೂನಿನ ಬಿಸಿಲು ಹಾಗೇ ಇತ್ತು. ಪಾಸ್‌ಪೋರ್ಟನ್ನು ತೆರೆದು ವೀಸಾ ನೋಡಿದ. ಫೋಟೋದಲ್ಲಿ ತಾನೇ, ಬಾಯಿ ಬಿಗಿಹಿಡಿದು ನಿಂತಿದ್ದ. ಏಳನೇ ತಾರೀಕು. ಲುಚಿಯಾ ಕೋಣೆ ಸಿದ್ಧಮಾಡುವ ದಿನವೇ.

ಮನೆಯಲ್ಲಿ ಶೀತಲ್ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆರೂವರೆಗೆ ಟ್ಯೂಶನ್ ಮಕ್ಕಳು ಬರುತ್ತಾರೆ, ಅದರೊಳಗೆ ಅಡುಗೆ ಮುಗಿಯಬೇಕು. ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ.

“ಪಾಸ್‌ಪೋರ್ಟ್ ತಂದ್ರೇನು?”

“ತಂದೆ. ನಿಂದು ನೀ ತಂದೀಯಂತ.”

“ಹೂಂ.”

“ಫ್ರಾಂಕ್‌ಫರ್ಟ್.”

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. “ಅಪೇಕ್ಷಾ ಒಬ್ಬಾಕಿನ ಅದಾಳ. ಒಂದಿಷ್ಟು ದಿನ ಇದ್ದು ಬರ್ತೀನಿ.”

“ಎಷ್ಟು ದಿನ?”

“ನೋಡೂಣು.”

“ಸಾಲಿ?”

“ಸಾಲ್ಯಾಗ ಹೇಳೀನಿ.”

ಅಂದರೆ ಶಾಲೆಗೆ ಗೊತ್ತು. ಅಝರುದ್ದೀನನಿಗೆ ಗೊತ್ತು. ಮಗಳಿಗಂತೂ ಮೊದಲೇ ಗೊತ್ತಿರಬೇಕು. ಕೊನೆಗೆ ತಿಳಿದವನು ತಾನು, ಅದೂ ತಾನಾಗಿ ಹೋಗಿ ಕೇಳಿದ್ದಕ್ಕೆ.

“ಮತ್ತ ಇಟಲಿ?” ಎಂದ. ದನಿ ತನ್ನದಲ್ಲವೆನ್ನುವಷ್ಟು ಸಣ್ಣಗಿತ್ತು.

ಶೀತಲ್ ರೊಟ್ಟಿಯನ್ನು ಹಂಚಿಗೆ ಹಾಕಿ, ಕೈಯ ಹಿಟ್ಟು ಕೊಡವಿ, ಅವನ ಕಡೆ ತಿರುಗಿದಳು. “ಅದು ವೀಸಾಕ್ಕಂತ ಹಾಕಿದ್ದಲ್ರೀ? ಎಲ್ಲಾರೂ ಹಂಗ ಹಾಕ್ತಾರ. ನೀವು ಖರೇನ ಹೋಗೂದಂತ ಮಾಡಿದ್ರೇನು?”

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಹಾಗೆ ನೇರ ನೋಡಿ ಎಷ್ಟು ಕಾಲವಾಗಿತ್ತೋ. ಹಣೆಯ ಮೇಲೆ ಹಿಟ್ಟಿನ ಒಂದು ಗೆರೆ. ‘ಹೌದು’ ಎಂದರೆ ಸಾಕಿತ್ತು. ಕಣಿವೆಯ ಕಿಟಕಿ, ಏಳನೆಯ ನಂಬರು, ಒಂದೇ ಮಂಚ, ಎಲ್ಲವನ್ನೂ ಆ ಒಂದು ಮಾತಿನ ಹಿಂದೆ ಹೇಳಬಹುದಿತ್ತು. ಶ್ರೀಕಾಂತ ನಕ್ಕ.

“ಛೇ, ಇಲ್ಲ. ನಾನೂ ವೀಸಾಕ್ಕಂತನ ಹಾಕಿದ್ದೆ.”

ಅವಳು ಇನ್ನೂ ಒಂದು ಕ್ಷಣ ನೋಡಿದಳು. ರೊಟ್ಟಿ ಹೊತ್ತಿದ ವಾಸನೆ ಬಂತು. ತಿರುಗಿ ಅದನ್ನು ಮಗುಚಿ ಹಾಕಿದಳು.

“ಹಂಗಾರ ಕ್ಯಾನ್ಸಲ್ ಮಾಡಿಬಿಡ್ರಿ.”

“ಮಾಡ್ತೀನಿ.”

“ಮತ್ತ ಆ ಸೂಟ್‌ಕೇಸಿನ್ಯಾಗಿನ ಅಕ್ಕಿ ತಗದು ಡಬ್ಬಿಗೆ ಹಾಕ್ರಿ. ಮೂರು ವಾರ ಆತು. ಹುಳ ಆಗ್ತಾವ.”

ಅವನು ಸೂಟ್‌ಕೇಸಿದ್ದ ಕೋಣೆಯ ಕಡೆ ನೋಡಿದ.

ಆ ಊರಿನ ಕೋಟೆಬಾಗಿಲಿನಿಂದಾಚೆ ಕಾರು ಹೋಗುವುದಿಲ್ಲ. ಅಲ್ಲಿಂದ ಹೋಟೆಲಿಗೆ ನೂರ ಐವತ್ತೆಂಟು ಮೆಟ್ಟಿಲು, ಸಾಮಾನು ನೀವೇ ಹೊರಬೇಕು ಎಂದು ಲುಚಿಯಾ ಮೊದಲೇ ಬರೆದಿದ್ದಳು. ಕುವೈತಿನ ನೆಲ ಅಂಗೈಯ ಹಾಗೆ ಸಪಾಟು, ಹತ್ತಿ ಅಭ್ಯಾಸ ಮಾಡಲು ಒಂದು ದಿಬ್ಬವೂ ಇಲ್ಲ. ಅದಕ್ಕೇ ಅವನು ದೊಡ್ಡ ಸೂಟ್‌ಕೇಸಿನಲ್ಲಿ ಇಪ್ಪತ್ತು ಕಿಲೋ ಬಾಸ್ಮತಿ ತುಂಬಿಕೊಂಡು, ಶೀತಲ್ ಶಾಲೆಗೆ ಹೋದಮೇಲೆ, ದಿನಾ ಬೆಳಿಗ್ಗೆ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ. ಕೆಳಗಿನಿಂದ ತಾರಸಿಯ ಬಾಗಿಲಿಗೆ ಸರಿಯಾಗಿ ನೂರ ಅರವತ್ತು. ಲಿಫ್ಟಿನ ಎಂಜಿನಿಯರು ಮೆಟ್ಟಿಲು ಎಣಿಸುವುದು ಅವನಿಗೇ ನಗು ತರಿಸಿತ್ತು. ಅವಳ ಕೈಚೀಲವನ್ನೂ ತಾನೇ ಹೊರಬೇಕೆಂದು ಆಮೇಲೆ ಎರಡು ಕಿಲೋ ಹೆಚ್ಚೇ ಹಾಕಿದ್ದ.

ಅಂದರೆ ಅವಳಿಗೆ ಗೊತ್ತಿತ್ತು. ಮೂರು ವಾರದಿಂದಲೂ ಗೊತ್ತಿತ್ತು. ಗೊತ್ತಿದ್ದೇ ಈಗ ಕೇಳಿದ್ದಳು. ಹೌದು ಅನ್ನಲಿ ಎಂದು ಕೇಳಿದಳೋ, ಇಲ್ಲ ಅನ್ನಲಿ ಎಂದು ಕೇಳಿದಳೋ ಈಗ ಹೇಗೆ ತಿಳಿಯುವುದು? ಕೇಳಬೇಕು. ಅವಳ ಬೆನ್ನು ಅವನ ಕಡೆಗಿತ್ತು, ಮುಂದಿನ ಉಂಡೆಯನ್ನು ಬಡಿಯಲು ಶುರುಮಾಡಿದ್ದಳು.

ಕೋಣೆಗೆ ಹೋಗಿ ಸೂಟ್‌ಕೇಸು ಎಳೆದ. ಗಡಿಯಾರದಲ್ಲಿ ಐದೂ ಮುಕ್ಕಾಲು. ಜಿಪ್ಪಿಗೆ ಕೈ ಹಾಕಿದವನು ತೆಗೆಯಲಿಲ್ಲ. ಹಾಗೇ ಎಳೆದುಕೊಂಡು ಬಾಗಿಲು ದಾಟಿ, ಲಿಫ್ಟಿನಲ್ಲಿ ಕೆಳಗಿಳಿದ.

ಕಟ್ಟಡದ ಕಾವಲು, ಗುಡಿಸುವುದು, ಬಾಡಿಗೆ ರಸೀದಿ ಹಂಚುವುದು ಎಲ್ಲವೂ ನಿಝಾಮನದೇ, ಇಲ್ಲಿನವರು ‘ಹಾರಿಸ್’ ಎನ್ನುವ ಕಾವಲುಗಾರ. ಸೂಟ್‌ಕೇಸು ಕಂಡಾಗಲೆಲ್ಲ ಅವನದು ಒಂದೇ ಪ್ರಶ್ನೆ, ತನ್ನ ಹಿಂದಿಯಲ್ಲಿ: “ಗಾಂವ್ ಜಾ ರಹೇ, ಸಾಬ್?” ಊರಿಗೆ ಹೊರಟಿರಾ ಎಂದು. ಮೂರು ವಾರ ಶ್ರೀಕಾಂತ ಇಲ್ಲವೆಂದಿದ್ದ.

“ಹಾಂ,” ಎಂದ ಇವತ್ತು.

“ಮೇಡಂ?”

“ಮೇಡಂ ಬಾದ್ ಮೇ.” ಆಮೇಲೆ ಬರುತ್ತಾಳೆ ಎಂದು.

ನಿಝಾಮ್ ಲಿಫ್ಟಿನ ಕಡೆ ನೋಡಿದ, ಬೀದಿ ಬಾಗಿಲಿನ ಕಡೆ ನೋಡಿದ. ಊರಿಗೆ ಹೊರಟವನು ಮೆಟ್ಟಿಲ ಕಡೆ ತಿರುಗಿದ್ದು ಅವನಿಗೆ ಅರ್ಥವಾಗಲಿಲ್ಲ. ಸಾಹೇಬರ ವಿಷಯ ತನಗೇಕೆ ಎಂದು ಪೊರಕೆ ಎತ್ತಿಕೊಂಡು ಹೋದ.

ಒಂದು, ಎರಡು, ಮೂರು. ಮೂರನೆಯ ಮಹಡಿಯಲ್ಲಿ ತನ್ನದೇ ಬಾಗಿಲು, ಒಳಗೆ ರೊಟ್ಟಿಯ ಸದ್ದು. ನಿಲ್ಲದೆ ದಾಟಿದ. ಎಂಬತ್ತು, ತೊಂಬತ್ತು. ಐದನೆಯ ಮಹಡಿಯಲ್ಲಿ ಸೂಟ್‌ಕೇಸು ಇಳಿಸಿ ಫೋನ್ ತೆಗೆದ. ಐದು ಐವತ್ತೆರಡು. ಬೆವರಿದ ಬೆರಳಿನಿಂದ ಲುಚಿಯಾಗೆ ಒಂದೇ ಸಾಲು ಬರೆದ: ಒಂದು ಮಂಚ ಸಾಕು. ಕಳಿಸಿಬಿಟ್ಟ. ಎದೆ ಹೊಡೆದುಕೊಳ್ಳುತ್ತಿತ್ತು. ಮೆಟ್ಟಿಲು ಹತ್ತಿದ್ದಕ್ಕೆ ಅಂದುಕೊಂಡ.

ಏಳನೆಯ ಮಹಡಿ ದಾಟುವಾಗ ಉತ್ತರ ಬಂತು. ಬಹಳ ಸಂತೋಷ. ಮಂಚ ಜೋಡಿಸಿಡುತ್ತೇವೆ. ನಿಮ್ಮಿಬ್ಬರನ್ನೂ ಕಾಯುತ್ತಿರುತ್ತೇವೆ.

ನೂರ ಐವತ್ತೆಂಟು. ಅಲ್ಲಾಗಿದ್ದರೆ ಇದು ಹೋಟೆಲಿನ ಹೊಸ್ತಿಲು. ಇನ್ನೆರಡು ಹತ್ತಿದ. ತಾರಸಿಯ ಕಬ್ಬಿಣದ ಬಾಗಿಲಿಗೆ ಎಂದಿನಂತೆ ಬೀಗ. ಮೇಲೆ ಬಟ್ಟೆ ಒಣಹಾಕುತ್ತಾರೆಂದು ನಿಝಾಮ್ ಹಾಕಿದ್ದು. ಮೂರು ವಾರವೂ ಇಲ್ಲಿಗೆ ಬಂದು ಮುಟ್ಟಿ ಇಳಿದಿದ್ದ, ಬೀಗದ ಬಗ್ಗೆ ಯೋಚಿಸಿರಲಿಲ್ಲ. ಇವತ್ತು ಹಿಡಿದು ಎಳೆದು ನೋಡಿದ. ಬಾಗಿಲು ಕೈಗೆ ಬಿಸಿ ತಾಗಿತು. ಸೂಟ್‌ಕೇಸಿನ ಮೇಲೆ ಕುಳಿತ.

ಕಿಟಕಿಯಿಲ್ಲದ ಮೆಟ್ಟಿಲು ಅದು. ಯಾರಾದರೂ ಅಲುಗಾಡಿದರೆ ಮಾತ್ರ ದೀಪ ಹತ್ತುತ್ತದೆ. ಸುಮ್ಮನೆ ಕುಳಿತರೆ ಇಪ್ಪತ್ತು ಸೆಕೆಂಡಿಗೆ ಆರುತ್ತದೆ. ಆರಿತು.

ಕೈ ಎತ್ತಿ ಬೀಸಿದ. ಹತ್ತಿತು.

ಬಹಳ ಕೆಳಗೆ ಒಂದು ಬಾಗಿಲು ತೆರೆಯಿತು. “ರೀ,” ಶೀತಲ್‌ಳ ದನಿ ಮೆಟ್ಟಿಲುಗಳ ನಡುವಿನಿಂದ ಏರಿ ಬಂತು. “ಎಲ್ಲಿ ಹೋದ್ರಿ? ರೊಟ್ಟಿ ಆರ್ತಾವ.”

ಇಲ್ಲಿದ್ದೀನಿ ಅನ್ನಬೇಕಿತ್ತು. ಅವಳು ಸ್ವಲ್ಪ ಹೊತ್ತು ನಿಂತಿರಬೇಕು. ಬಾಗಿಲು ಮುಚ್ಚಿದ ಸದ್ದು ಕೂಡಲೇ ಬರಲಿಲ್ಲ. ಆಮೇಲೆ ಬಂತು.

ದೀಪ ಆರಿತು. ಶ್ರೀಕಾಂತ ಕತ್ತಲೆಯಲ್ಲಿ ಕೈ ಎತ್ತಿ ಬೀಸಿದ. ನೋಡುವವರಿದ್ದಿದ್ದರೆ ಯಾರನ್ನೋ ಬೀಳ್ಕೊಡುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಬೆಳಕಿನಲ್ಲಿ ಅವನೂ ಸೂಟ್‌ಕೇಸೂ ಬೀಗವೂ ಕಂಡವು. ಇಪ್ಪತ್ತು ಸೆಕೆಂಡು ಎಣಿಸಿದ. ಮತ್ತೆ ಕತ್ತಲೆ. ಮತ್ತೆ ಕೈ ಎತ್ತಿದ.