ಕೆಂಪಂಚಿನ ದಾರಿ

ಭಾನುವಾರ ಚರ್ಚು ಮುಗಿದ ಮೇಲೆ ತಾಯಿ ಐಲಿ ಯಾವ ಮಗನ ಮನೆಯಲ್ಲಿ ಕಾಫಿ ಕುಡಿಯುವಳೆಂಬುದು ಹ್ಯಾನ್ಕಾಕ್ ಊರಿನ ಆ ಗುಡ್ಡದ ಬೀದಿಯಲ್ಲಿ ಬೇರೆ ಯಾರಿಗೂ ಮುಖ್ಯವಾಗಿರಲಿಲ್ಲ. ಕಿರಿಯ ಮಗ ವೈನೋನಿಗೆ ಮಾತ್ರ ಅದು ವಾರವಿಡೀ ಚುಚ್ಚುವ ಮುಳ್ಳಾಗಿತ್ತು. ಅವನ ಮನೆಯೂ ಅಣ್ಣ ಓನ್ನಿಯ ಮನೆಯೂ ಅಕ್ಕಪಕ್ಕದಲ್ಲಿದ್ದವು. ಚರ್ಚಿನ ಬಳಿಯ ಹಿರಿಯರ ವಸತಿಯಲ್ಲಿದ್ದ ತಾಯಿ ಹಿಂದೆಲ್ಲ ಒಂದು ವಾರ ಇಲ್ಲಿ, ಮರುವಾರ ಅಲ್ಲಿ ಎಂದು ತನ್ನನ್ನು ಹಂಚಿಕೊಳ್ಳುತ್ತಿದ್ದಳು.

ಓನ್ನಿ ರಸ್ತೆಯಿಂದ ಗ್ಯಾರೇಜಿಗೆ ಏರುವ ತನ್ನ ಇಳಿಜಾರಿಗೆ ಕಾಂಕ್ರೀಟು ಹಾಕಿಸಿ, ಅದರ ಒಡಲಲ್ಲಿ ಬಿಸಿನೀರು ಹರಿಯುವ ಕೊಳವೆಗಳನ್ನು ಹುದುಗಿಸಿದ ಮೇಲೆ ಆ ಸರದಿ ತಪ್ಪಿತು. ಚಳಿಗಾಲವಿಡೀ ಆಕೆ ಅಲ್ಲಿಯೇ ಇಳಿಯತೊಡಗಿದಳು. “ನಿಮ್ಮನೆ ಜಲ್ಲಿ ಮೇಲೆ ಕಾಲು ನಿಲ್ಲಲ್ಲ ಕಣೋ” ಎಂದು ಒಮ್ಮೆ ಹೇಳಿದ್ದಳು. ವೈನೋ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡ. ಸುತ್ತ ಆಳೆತ್ತರ ಹಿಮ ಬಿದ್ದಿದ್ದರೂ ಅಣ್ಣನ ದಾರಿ ಒದ್ದೆಯಾಗಿ ಹಬೆಯಾಡುತ್ತ ಮಲಗಿರುತ್ತಿತ್ತು. ಅಗಲವಾದ ತಳ್ಳುಸಲಿಕೆಯಿಂದ ತನ್ನ ಜಲ್ಲಿದಾರಿಯ ಹಿಮ ನೂಕುವಾಗ ಅವನ ಕಣ್ಣು ಅಣ್ಣನ ಅಡುಗೆಮನೆಯ ಕಿಟಕಿಯಲ್ಲೇ ನೆಟ್ಟಿರುತ್ತಿತ್ತು. ಅಲ್ಲಿ ತಾಯಿಯ ಬಿಳಿಯ ತಲೆ. ಅದರೆದುರು ಬಾಗಿ ಏಲಕ್ಕಿ ಬ್ರೆಡ್ಡು ಕತ್ತರಿಸಿಕೊಡುತ್ತಿರುವ ಅಣ್ಣ.

ಮತ್ಸರ ಕಣ್ಣಿನಲ್ಲಿ ಹುಟ್ಟುವ ವ್ಯಾಧಿ. ಆದುದರಿಂದ ಅದು ಕಾಣುವುದನ್ನೇ ಬಯಸುತ್ತದೆ, ಕಾಣುವುದನ್ನೇ ಆರಿಸುತ್ತದೆ.

ಬೇಸಿಗೆಯಲ್ಲಿ ವೈನೋ ಆರಿಸಲು ಕುಳಿತ. ಬಿಸಿಲನ್ನು ಹೀರಿ ಹಿಮವನ್ನು ಬೇಗ ಕರಗಿಸುವ ಡಾಂಬರು ಸಾಕೆಂದು ಹೆಂಡತಿ ಹೆಲ್ಮಿ ಹೇಳಿದಳು. ಡಾಂಬರೆಂದರೆ ಅಣ್ಣನದಕ್ಕಿಂತ ಒಂದು ಮೆಟ್ಟಿಲು ಕೆಳಗೆ ಎಂದು ಅವನಿಗೆ ತೋರಿತು. ಹೆಪ್ಪುಗಟ್ಟಿದ ನೆಲ ಉಬ್ಬಿ ಬಿರುಕು ಬಿಡದಂತೆ ಆಳಕ್ಕೆ ಅಗೆಸಿ ಜಲ್ಲಿ ತುಂಬಿಸಿದ; ಅದರ ಮೇಲೆ ಕೊಳವೆ, ಕೊಳವೆಯ ಮೇಲೆ ಕಾಂಕ್ರೀಟು. ಅಣ್ಣನಲ್ಲಿ ಇಲ್ಲದ್ದೊಂದು ಇರಬೇಕಲ್ಲ. ಅದಕ್ಕಾಗಿ ಎರಡೂ ಬದಿಗೆ, ಕೆಳಗೆ ರಸ್ತೆಯಂಚಿಗೂ ಅಡ್ಡಲಾಗಿ, ಕೆಂಪು ಇಟ್ಟಿಗೆಯ ಅಂಚು ಕಟ್ಟಿಸಲು ನಿಶ್ಚಯಿಸಿದ. ನೀರು ಕಾಯಿಸಲು ಗ್ಯಾಸಿನ ಕೊಳವೆ ಬಂದಾಗ ಹಬೆಸ್ನಾನದ ಕೋಣೆಯಾದ ಸೌನಾದ ಕಟ್ಟಿಗೆಯ ಒಲೆಯನ್ನೂ ಕೀಳಿಸಿ ಗ್ಯಾಸಿನದನ್ನು ಇಡಿಸಿದ. ಬರ್ಚ್ ಕಟ್ಟಿಗೆಯ ವಾಸನೆಯಿಲ್ಲದ ಸೌನಾ ಸೌನಾವೇ ಅಲ್ಲವೆಂದು ಹೆಲ್ಮಿ ಎರಡು ವಾರ ಮುಖ ಊದಿಸಿಕೊಂಡಿದ್ದಳು.

ಕಾಂಕ್ರೀಟು ಸುರಿಯುವ ದಿನ ಓನ್ನಿ ಜೇಬಿನಲ್ಲಿ ಕೈಯಿಟ್ಟುಕೊಂಡು ಬಂದು ನಿಂತ.

“ಕೆಳಗಡೆ ರಸ್ತೆ ಸೇರೋ ಕಡೆ ಅಡ್ಡ ಒಂದು ಚರಂಡಿ ಬಿಡಿಸೋ. ಕರಗಿದ ನೀರು ಎಲ್ಲಾದ್ರೂ ಹೋಗ್ಬೇಕಲ್ಲ.”

ಗುತ್ತಿಗೆದಾರನೂ ಅದನ್ನೇ ಹೇಳಿದ್ದ. ಆದರೆ ಚರಂಡಿ ಬಂದರೆ ಕೆಂಪಂಚು ಎಲ್ಲರಿಗೂ ಕಾಣುವ ಆ ಜಾಗದಲ್ಲೇ ತುಂಡಾಗುತ್ತಿತ್ತು.

“ನಿಂದು ನೀನು ನೋಡ್ಕೋ ಅಣ್ಣ. ನನ್ನ ದಾರಿ ನಿನ್ ದಾರಿ ಥರಾನೇ ಇರ್ಬೇಕು ಅಂತೇನಿಲ್ಲ.”

“ಹಾಗಿರ್ಲಿ ಅಂತ ತಾನೆ ಇಷ್ಟೆಲ್ಲ ಅಗೆಸಿರೋದು?” ಎಂದು ಓನ್ನಿ ನಕ್ಕ.

ಆ ನಗೆಯೊಂದಿಗೆ ಚರಂಡಿಯ ಮಾತು ಮುಗಿಯಿತು.

ಮೊದಲ ದೊಡ್ಡ ಹಿಮ ಭಾನುವಾರವೇ ಬಿತ್ತು. ವೈನೋ ಚರ್ಚಿಗೆ ಹೊರಟಾಗ ಬಿದ್ದ ಹಿಮವೆಲ್ಲ ಕರಗಿ ನೀರಾಗಿ ಇಳಿಯುತ್ತಿತ್ತು. ಒದ್ದೆಯಾದ ಇಟ್ಟಿಗೆ ಮಾಣಿಕ್ಯದಂತೆ ಹೊಳೆಯುತ್ತಿತ್ತು. ಪ್ರಾರ್ಥನೆ ಮುಗಿದೊಡನೆ ಅಣ್ಣನಿಗಿಂತ ಮೊದಲೇ ತಾಯಿಯ ತೋಳು ಹಿಡಿದು ಅವನು ಆಕೆಯನ್ನು ತನ್ನ ಕಾರಿನಲ್ಲಿ ಕೂರಿಸಿದ.

ಅಷ್ಟರಲ್ಲಿ ಊರಿನ ಹಿಮಗುದ್ದಲಿ ಲಾರಿ ರಸ್ತೆಯ ಹಿಮವನ್ನು ಬದಿಗೆ ತಳ್ಳಿ, ದಾರಿಯ ಬಾಯಿಗೆ ಒಂದು ಒಡ್ಡು ಕಟ್ಟಿ ಹೋಗಿತ್ತು. ಮೇಲಿಂದ ಇಳಿದ ನೀರು ಅದರ ಹಿಂದೆ ನಿಂತಿತು. ಇಟ್ಟಿಗೆಯ ಕೆಳಗೆ ಕೊಳವೆಗಳಿರಲಿಲ್ಲ. ಕೆಂಪಂಚಿನ ಮೇಲೆ ನೀರು ಗಾಜಿನ ಹಾಳೆಯಂತೆ ಹೆಪ್ಪುಗಟ್ಟಿತ್ತು.

ಕಾರು ಒಡ್ಡನ್ನು ಸೀಳಿ ಏರಹೋಗಿ ಹಿಂದಕ್ಕೆ ಜಾರಿತು. ಮತ್ತೆ ಏರಿತು, ಮತ್ತೆ ಜಾರಿತು. ತಾಯಿ ಕೈಚೀಲವನ್ನು ಎದೆಗೊತ್ತಿಕೊಂಡು ಕುಳಿತಿದ್ದಳು. ಆಕೆಯನ್ನು ಇಳಿಸಲು ಹೊರಗೆ ಕಾಲಿಟ್ಟ ವೈನೋ ತಾನೇ ಜಾರಿ ಬಾಗಿಲಿಗೆ ನೇತುಬಿದ್ದ.

ಚರ್ಚಿನಿಂದ ಹಿಂದೆಯೇ ಮರಳಿದ್ದ ಓನ್ನಿ ತನ್ನ ಸೌನಾದ ಒಲೆಯ ಬೂದಿಯನ್ನು ಬಕೆಟ್ಟಿನಲ್ಲಿ ತಂದ. ಕಾಲು ಜಾರದಂತೆ ಆ ಬೀದಿಯಲ್ಲಿ ಮಂಜುಗಡ್ಡೆಗೆ ಎಲ್ಲರೂ ಮಾಡುವ ಮದ್ದು ಅದೊಂದೇ. ವೈನೋನ ಮನೆಯಲ್ಲಿ ಈಗ ಒಂದು ಹಿಡಿ ಬೂದಿಯೂ ಇರಲಿಲ್ಲ. ಅಣ್ಣ ಚುಚ್ಚಿ ಮಾತಾಡಿದ್ದರೆ ಅವನು ಸಹಿಸಬಹುದಿತ್ತು. ಓನ್ನಿ ಬಿತ್ತುವವನಂತೆ ಬೂದಿ ಎರಚುತ್ತ ಕಾರಿನ ಬಾಗಿಲಿನಿಂದ ಮೇಲಿನ ಬಿಸಿ ಕಾಂಕ್ರೀಟಿನವರೆಗೆ ಬೂದುಬಣ್ಣದ ಪಟ್ಟೆಯೊಂದನ್ನು ಹಾಸಿದ. ತಾಯಿ ಅದರ ಮೇಲೆ ನಡೆದು ಕಿರಿಯ ಮಗನ ಮನೆ ಸೇರಿದಳು.

ಹೆಲ್ಮಿ ಬಿಸಿ ಬ್ರೆಡ್ಡು ಇಟ್ಟು ಕಾಫಿ ಸುರಿದಳು. ವೈನೋ ಕಿಟಕಿಯಲ್ಲಿ ನಿಂತು, ಬರಿದಾದ ಬಕೆಟ್ಟು ಹಿಡಿದು ಮರಳುವ ಅಣ್ಣನನ್ನು ನೋಡುತ್ತಿದ್ದ.

“ಮೇಲ್ಗಡೆ ದಾರಿ ಚೆನ್ನಾಗಿದೆ ಅಲ್ವಾ ಅಮ್ಮ?” ಎಂದು ತಿರುಗದೆಯೇ ಕೇಳಿದ. “ಇನ್ಮೇಲೆ ಕಾಲು ಜಾರುತ್ತೆ ಅನ್ನೋ ಹಾಗಿಲ್ಲ.”

“ಜಲ್ಲಿ ನೆಪ ಹೇಳಿದ್ದು ನಿನಗೆ ಬೇಜಾರಾಗ್ಬಾರ್ದು ಅಂತ ಕಣೋ” ಎಂದಳು ತಾಯಿ. “ಇಲ್ಲಿಗೆ ಬಂದ್ರೆ ನೀನು ಕೂರೋದೇ ಇಲ್ಲ. ಕಿಟಕೀಲಿ ನಿಂತ್ಕೊಂಡು ಅವನ ಮನೆ ನೋಡ್ತಿರ್ತೀಯ. ನಾನು ಅಲ್ಲಿ ಕೂತಿದ್ರೆ ನನ್ನ ಕಡೆಯಾದ್ರೂ ನೋಡ್ತೀಯಲ್ಲ ಅಂತ ಹೋಗ್ತಿದ್ದೆ.”

ಹೆಲ್ಮಿ ಬಟ್ಟಲುಗಳತ್ತ ತಲೆ ತಗ್ಗಿಸಿ ನಗೆ ನುಂಗಿದಳು.

“ಹೋಗು, ಅವನನ್ನೂ ಕರ್ಕೊಂಡ್ಬಾ. ಬ್ರೆಡ್ಡು ತಣ್ಣಗಾಗುತ್ತೆ.”

ವೈನೋ ಹೊರಗೆ ಬಂದು ಬೂದಿಯ ಪಟ್ಟೆಯ ಮೇಲೆ ಇಳಿದ. ಅಲ್ಲಿ ಕೆಂಪಂಚು ಕಾಣುತ್ತಲೇ ಇರಲಿಲ್ಲ. ಕಾಲು ಎಲ್ಲಿಯೂ ಜಾರಲಿಲ್ಲ. ಅದಕ್ಕೂ ಅವನ ಹೊಟ್ಟೆ ಉರಿಯಿತು. ಆ ಉರಿಯನ್ನು ಹೊತ್ತುಕೊಂಡೇ ಹೋಗಿ ಅಣ್ಣನ ಬಾಗಿಲು ತಟ್ಟಿದ.

“ಅಮ್ಮ ಕರೀತಿದ್ದಾಳೆ ಬಾ” ಎಂದ. ಬೂಟಿಗೆ ಮೆತ್ತಿದ ಬೂದಿಯನ್ನು ಕೊಡವುತ್ತ, “ಇನ್ನೊಂದು ಬಕೆಟ್ ಬೂದಿ ಇದ್ರೆ ತಗೋ. ಅವಳು ವಾಪಸ್ ಇಳೀಬೇಕಲ್ಲ” ಎಂದ.